ಚಳಿಯ ನೆಪ

ನಮ್ಮಲ್ಲಿ ಹವಾಮಾನ ಇರುವುದೇ ತಪ್ಪು ಹೊರಲಿಕ್ಕೆ. ಆಫೀಸಿಗೆ ತಡವಾದರೆ ಮಳೆ, ಮದುವೆಗೆ ಹೋಗದಿದ್ದರೆ ಬಿಸಿಲು, ಬೆಳಗಿನ ವಾಕಿಂಗ್ ತಪ್ಪಿದರೆ ಚಳಿ. ಕೇಳಿದವರೂ ತಲೆಯಾಡಿಸಿ ಸುಮ್ಮನಾಗುತ್ತಾರೆ. ಆ ಹೊತ್ತಿಗೆ ನಿಜಕ್ಕೂ ಎಷ್ಟು ಮಿಲಿಮೀಟರ್ ಬಿತ್ತೆಂದು ದಾಖಲೆ ತರಿಸಿ ನೋಡುವ ಮೇಲಧಿಕಾರಿ ನನಗಂತೂ ಸಿಕ್ಕಿಲ್ಲ, ದೇವರು ದೊಡ್ಡವನು. ಆದರೆ ಅಂಥ ಒಬ್ಬರು ಅಮೆರಿಕದಲ್ಲಿದ್ದಾರೆ. ಎಂಬತ್ತೇಳು ವರ್ಷ ಹಳೆಯದಾದ ಒಂದು ನೆಪವನ್ನು ಎತ್ತಿಕೊಂಡು ಡಿಗ್ರಿ ಲೆಕ್ಕದಲ್ಲಿ ತನಿಖೆ ಮಾಡಿದವರು. ಹೆಸರು ಸೂಸನ್ ಸಾಲೊಮನ್. ವೃತ್ತಿಯಲ್ಲಿ ವಾತಾವರಣ ರಸಾಯನ ವಿಜ್ಞಾನಿ.

ನೆಪ ಹೇಳಿದವನು ಕ್ಯಾಪ್ಟನ್ ಸ್ಕಾಟ್. 1912ರ ಜನವರಿ 17ರಂದು ಅವನು ದಕ್ಷಿಣ ಧ್ರುವ ಮುಟ್ಟಿದಾಗ ನಾರ್ವೆಯ ಅಮುಂಡ್ಸೆನ್ ಒಂದು ತಿಂಗಳ ಹಿಂದೆಯೇ ಬಂದು ಹೋಗಿದ್ದ. ಮರಳುವ ದಾರಿಯಲ್ಲಿ ಅವನೂ ಜೊತೆಗಾರರೂ ಸೇರಿ ಐವರೂ ಸತ್ತರು. ಕೊನೆಯ ಮೂವರು, ಆಹಾರದ ದಾಸ್ತಾನಿಗೆ 11 ಮೈಲಿ ಉಳಿದಿದ್ದಾಗ. ನಮ್ಮ ಯೋಜನೆಯಲ್ಲಿ ಕೊರತೆಯಿರಲಿಲ್ಲ, ಹವೆ ಕೈಕೊಟ್ಟಿತು ಎಂಬರ್ಥದ ಪತ್ರ ಡೇರಾದೊಳಗೆ ಸಿಕ್ಕಿತು. ಮೊದಲು ಬ್ರಿಟನ್ ಅತ್ತಿತು, ಪ್ರತಿಮೆ ನಿಲ್ಲಿಸಿತು. ಆಮೇಲಿನವರು ಲೆಕ್ಕಪತ್ರ ಬಿಚ್ಚಿ ಕೂತರು. ಹಿಮದಲ್ಲಿ ಕುದುರೆ ಯಾಕೆ, ನಾಲ್ವರ ಊಟಕ್ಕೆ ಐವರು ಯಾಕೆ ಎಂದೆಲ್ಲ ಕೇಳಿ, ಕುಣಿಯಲಾರದವಳು ನೆಲ ಡೊಂಕು ಎಂದ ಸಾಲಿಗೆ ಸ್ಕಾಟ್‌ನನ್ನು ಸೇರಿಸಿಬಿಟ್ಟರು.

ಸಾಲೊಮನ್ ಈ ಜಗಳಕ್ಕೆ ಬಂದದ್ದು ಬಹಳ ಸುತ್ತು ದಾರಿಯಲ್ಲಿ. 1956ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಹುಡುಗಿ, ಟೀವಿಯಲ್ಲಿ ಕುಸ್ತೋ ಅವರ ಕಡಲ ಚಿತ್ರ ನೋಡಿ ವಿಜ್ಞಾನದ ಹುಚ್ಚು ಹಿಡಿಸಿಕೊಂಡಳು. ಕಡಲು ಬಿಟ್ಟು ಆಕಾಶ ಹಿಡಿದದ್ದು ಆಮೇಲಿನ ಮಾತು. 1981ರಲ್ಲಿ ಬರ್ಕ್ಲಿಯಿಂದ ಡಾಕ್ಟರೇಟ್. ನಂತರ ಕೊಲರಾಡೋದ ಬೌಲ್ಡರ್‌ನಲ್ಲಿ ಸರ್ಕಾರಿ ಪ್ರಯೋಗಾಲಯದ ಕೆಲಸ. ಇಪ್ಪತ್ತು ಮೂವತ್ತು ಕಿಲೋಮೀಟರ್ ಮೇಲೆ ಯಾವ ಅನಿಲ ಯಾವುದರ ಜೊತೆ ಸೇರುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಕುರ್ಚಿಯಿಂದ ಏಳದೆ ಆಕಾಶಕ್ಕೆ ಹೋಗಿಬರುವ, ನನಗೆ ತುಂಬ ಒಪ್ಪಿಗೆಯಾದ ಉದ್ಯೋಗ.

ಅದು ಕೆಟ್ಟದ್ದು 1985ರಲ್ಲಿ. ಅಂಟಾರ್ಕ್ಟಿಕಾದ ಹ್ಯಾಲಿ ಠಾಣೆಯ ಮೇಲೆ ಪ್ರತಿ ಅಕ್ಟೋಬರ್‌ನಲ್ಲಿ ಓಜೋನ್ ಕುಸಿಯುತ್ತಿದೆಯೆಂದು ಫಾರ್ಮನ್ ಮತ್ತಿಬ್ಬರು ಬ್ರಿಟಿಷರು ಪ್ರಕಟಿಸಿದರು. ಫ್ರಿಜ್ಜಿನ ಅನಿಲದ ಕ್ಲೋರಿನ್ ಓಜೋನನ್ನು ತಿನ್ನುತ್ತದೆಂದು ಮೊಲಿನಾ, ರೋಲೆಂಡ್ 1974ರಲ್ಲೇ ಹೇಳಿದ್ದರು. ಆದರೆ ಇಷ್ಟೊಂದು, ಅದೂ ಫ್ರಿಜ್ಜೇ ಬೇಡದ ಊರಿನಲ್ಲಿ? ನಮ್ಮ ಬೀದಿಯ ಮೆಕ್ಯಾನಿಕ್ ಕೂಡ ‘ಗ್ಯಾಸ್ ಹೋಗಿದೆ ಸಾರ್’ ಅನ್ನುತ್ತಾನೆ. ಎಲ್ಲಿಗೆ ಹೋಯಿತೆಂದು ನಾನೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಕೇಳಿದವರೂ ಇದ್ದಾರೆನ್ನಿ. ಬೆಂಗಳೂರಿನಲ್ಲಿ ಬೆಳೆದ ವೀರಭದ್ರನ್ ರಾಮನಾಥನ್ ಸಿಕಂದರಾಬಾದಿನ ಫ್ರಿಜ್ ಕಂಪನಿಯೊಂದರಲ್ಲಿ ಈ ಸೋರಿಕೆಯನ್ನೇ ನೋಡಿಕೊಳ್ಳುವ ಎಂಜಿನಿಯರ್ ಆಗಿದ್ದರು. ಬೇಸತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಅಮೆರಿಕಕ್ಕೆ ಹೋಗಿ, ಅದೇ ಅನಿಲ ಭೂಮಿಯ ಶಾಖವನ್ನೂ ಹಿಡಿದಿಡುತ್ತದೆಂದು 1975ರಲ್ಲಿ ತೋರಿಸಿದರು.

ಅಂಟಾರ್ಕ್ಟಿಕಾದಲ್ಲೇ ಓಜೋನ್ ಯಾಕೆ ಕುಸಿಯಿತೆಂಬ ಪ್ರಶ್ನೆಗೆ ಸಾಲೊಮನ್ ಮತ್ತು ಸಂಗಡಿಗರು ಬೆರಳು ತೋರಿಸಿದ್ದು ಚಳಿಯ ಕಡೆ. ಧ್ರುವದ ಕತ್ತಲಲ್ಲಿ ಮೇಲಿನ ಗಾಳಿ ಸೊನ್ನೆಗಿಂತ ಸುಮಾರು 80 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಾಗ ಅಲ್ಲೂ ಮೋಡ ಕಟ್ಟುತ್ತದೆ. ಬರೀ ಗಾಳಿಯಲ್ಲಿ ತೆಪ್ಪಗಿರುವ ಕ್ಲೋರಿನ್ ಸಂಯುಕ್ತಗಳು ಆ ಮೋಡದ ಹರಳುಗಳ ಮೇಲೆ ಕಲೆತು ಕ್ಲೋರಿನನ್ನು ಬಿಟ್ಟುಕೊಡುತ್ತವೆ. ವಸಂತದ ಸೂರ್ಯ ಮೂಡಿದ್ದೇ ತಡ, ಅದು ಓಜೋನಿಗೆ ಬಾಯಿ ಹಾಕುತ್ತದೆ. ಊಹೆ ಚೆಂದವಿತ್ತು, ಹೋಗಿ ಅಳೆಯಬೇಕಿತ್ತು. 1986ರ ಆಗಸ್ಟ್‌ನಲ್ಲಿ, ಮೂವತ್ತರ ಸಾಲೊಮನ್ ತಂಡದ ಮುಂದಾಳಾಗಿ ಅಂಟಾರ್ಕ್ಟಿಕಾದ ಮ್ಯಾಕ್‌ಮರ್ಡೋ ಠಾಣೆಗೆ ಹೊರಟರು. ಅಳೆಯಬೇಕಾಗಿದ್ದ ಕ್ಲೋರಿನ್ ಡೈಆಕ್ಸೈಡ್ ಹಗಲಲ್ಲಿ ಒಡೆದುಹೋಗುತ್ತದೆ. ರಾತ್ರಿ ಅಳೆಯೋಣವೆಂದರೆ ಉಪಕರಣಕ್ಕೆ ಬೆಳಕು ಬೇಕು. ಉಳಿದದ್ದು ಚಂದ್ರ. ಕನ್ನಡಿ ಹಿಡಿದು ಬೆಳದಿಂಗಳನ್ನು ಉಪಕರಣದೊಳಕ್ಕೆ ಹಾಯಿಸಿದರು. ನಮ್ಮ ಕವಿಗಳು ಬೆಳದಿಂಗಳಿಂದ ಎಷ್ಟೋ ಚಾಕರಿ ಮಾಡಿಸಿದ್ದಾರೆ, ಕ್ಲೋರಿನ್ ತೂಗಿಸಿದ್ದು ಕೇಳಿಲ್ಲ. ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚೇ ಸಿಕ್ಕಿತು.

ಮ್ಯಾಕ್‌ಮರ್ಡೋದಿಂದ ನಡೆದುಹೋಗುವಷ್ಟು ದೂರದಲ್ಲಿ ಸ್ಕಾಟ್ 1902ರಲ್ಲಿ, ತನ್ನ ಮೊದಲ ಯಾತ್ರೆಯಲ್ಲಿ, ಕಟ್ಟಿಸಿದ ಮರದ ಮನೆ ಈಗಲೂ ನಿಂತಿದೆ. ಆಸ್ಟ್ರೇಲಿಯಾದ ಬಿಸಿಲ ಸೀಮೆಯ ಮನೆಗಳ ಮಾದರಿ. ಅಗಲವಾದ ಜಗಲಿ ಬೇರೆ! ಅಂಟಾರ್ಕ್ಟಿಕಾದಲ್ಲಿ ಜಗಲಿ ಮೇಲೆ ಕೂತು ಯಾರು ಎಲೆಯಡಿಕೆ ಹಾಕಬೇಕಿತ್ತೋ. ಒಳಗೆ ಬೆಚ್ಚಗಾಗದೆ ಜನ ಹಡಗಿನಲ್ಲೇ ಮಲಗಿದರು. ಈ ನೆರೆಹೊರೆಯಲ್ಲೇ ಸಾಲೊಮನ್‌ಗೆ ಸ್ಕಾಟ್‌ನ ಗೀಳು ಹತ್ತಿತು. ಹಗಲು ಓಜೋನ್, ಬಿಡುವಿನಲ್ಲಿ ಸತ್ತವರ ದಿನಚರಿ. ಎರಡನ್ನೂ ಅವರು ಒಂದೇ ಕಣ್ಣಿನಿಂದ ಓದಿದರು. ಚರಿತ್ರಕಾರರು ಶೌರ್ಯ, ದಡ್ಡತನ ಹುಡುಕಿದ ಪುಟಗಳಲ್ಲಿ ಅವರಿಗೆ ಕಂಡದ್ದು ಉಷ್ಣಾಂಶ.

ಅದನ್ನು ಬರೆದಿಟ್ಟವರಾದರೂ ಎಂಥವರು! ಸ್ಕಾಟ್‌ನ ಕೊನೆಯ ಯಾತ್ರೆಯ ತಂಡದ ಹವಾಮಾನ ತಜ್ಞ ಜಾರ್ಜ್ ಸಿಂಪ್ಸನ್ ನಮ್ಮ ಸಿಮ್ಲಾದ ಹವಾಮಾನ ಇಲಾಖೆಯ ನೌಕರ. ಮಾನ್ಸೂನ್ ಬಿಟ್ಟು ಧ್ರುವಕ್ಕೆ ಹೋಗಿ, 1912ರಲ್ಲಿ ಮರಳಿ ಸಿಮ್ಲಾ ಸೇರಿದ. ಅವನ ಅಂಟಾರ್ಕ್ಟಿಕ್ ಹವಾಮಾನದ ಗ್ರಂಥ 1919ರಲ್ಲಿ ಅಚ್ಚಾದದ್ದು ಕಲ್ಕತ್ತೆಯಲ್ಲಿ. ಅಲ್ಲಿನ ಮೊಳೆ ಜೋಡಿಸುವವರು ಆ ಬೇಸಿಗೆಯಲ್ಲಿ ಮೈನಸ್ ನಲವತ್ತರ ಕೋಷ್ಟಕಗಳನ್ನು ಜೋಡಿಸುತ್ತ ಏನಂದುಕೊಂಡರೋ. ಇತ್ತ ಧ್ರುವದ ದಾರಿಯಲ್ಲಿ, ಸತ್ತ ಐವರಲ್ಲೊಬ್ಬನಾದ ಬೌವರ್ಸ್, ಬೆರಳು ಮರಗಟ್ಟಿದರೂ ಥರ್ಮಾಮೀಟರ್ ನೋಡಿ ಬರೆಯುವುದನ್ನು ಬಿಟ್ಟಿರಲಿಲ್ಲ.

ಸ್ಕಾಟ್‌ಗೆ ಸಿಕ್ಕಿದ್ದು ಕೆಟ್ಟ ವರ್ಷ ಎಂದು ಸಿಂಪ್ಸನ್ ಆಗಲೇ ಹೇಳಿದ್ದ. ಆದರೆ ಹೋಲಿಸಲು ಬೇರೆ ವರ್ಷಗಳ ಅಂಕಿ ಎಲ್ಲಿತ್ತು? ಅದೇ ದಾರಿಯಲ್ಲಿ 1980ರ ದಶಕದಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರಗಳು ಬಂದವು. ಅವುಗಳ ಅಂಕಿಗಳನ್ನು ಬೌವರ್ಸ್‌ನ ಪುಸ್ತಕದ ಪಕ್ಕ ಇಟ್ಟು ಸಾಲೊಮನ್ 1999ರಲ್ಲಿ ಪ್ರಬಂಧ, 2001ರಲ್ಲಿ ‘ದಿ ಕೋಲ್ಡೆಸ್ಟ್ ಮಾರ್ಚ್’ ಎಂಬ ಪುಸ್ತಕ ಬರೆದರು. 1912ರ ಮಾರ್ಚ್ ಸಾಮಾನ್ಯಕ್ಕಿಂತ 10ರಿಂದ 20 ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು ತಣ್ಣಗಿತ್ತು. ಅಂಥ ಮಾರ್ಚ್ ಹದಿನೈದು ವರ್ಷಗಳ ದಾಖಲೆಯಲ್ಲಿ ಒಂದೇ ಒಂದು. ಅಷ್ಟು ಚಳಿಗೆ ಹಿಮವೂ ಜಾರುವುದಿಲ್ಲ. ಜಾರುಬಂಡಿಯ ಅಡಿ ತೆಳುವಾಗಿ ಕರಗಿದರೆ ತಾನೆ ಜಾರುವುದು? ಮರಳಿನ ಮೇಲೆ ಎಳೆದಂತೆ ಎಳೆಯಬೇಕು. ನೆಪ ನಿಜವಾಗಿತ್ತು.

ಪೂರ್ತಿ ಅಲ್ಲ. ಕೊನೆಯಲ್ಲಿ ಒಂದು ವಾರ ಮೀರಿದ ಹಿಮಗಾಳಿ ಡೇರಾದಿಂದ ಹೊರಬಿಡಲಿಲ್ಲವೆಂಬ ಮಾತನ್ನು ಸಾಲೊಮನ್ ಒಪ್ಪುವುದಿಲ್ಲ. ಆ ಜಾಗದಲ್ಲಿ ಗಾಳಿ ಅಷ್ಟು ದಿನ ಬೀಸುವುದಿಲ್ಲವಂತೆ. ಕಾಲು ಹೋಗಿದ್ದ ನಾಯಕನನ್ನು ಬಿಟ್ಟು ಉಳಿದಿಬ್ಬರು ಹೊರಡಲಿಲ್ಲವೇನೋ ಎಂದು ಅವರ ಸಂಶಯ. ಮರ್ಯಾದೆಗೂ ಗಾಳಿಯ ನೆಪ.

ಇನ್ನು ಸಿಂಪ್ಸನ್. ಮುಂದೆ ಬ್ರಿಟನ್ನಿನ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ ಸರ್ ಪದವಿ ಪಡೆದ. 1938ರಲ್ಲಿ ಕ್ಯಾಲೆಂಡರ್ ಎಂಬ ಹಬೆ ಎಂಜಿನಿಯರ್ ಹಳೆಯ ಉಷ್ಣಾಂಶಗಳನ್ನೆಲ್ಲ ಕಲೆಹಾಕಿ, ಕಾರ್ಬನ್ ಡೈಆಕ್ಸೈಡ್‌ನಿಂದ ಭೂಮಿ ಬಿಸಿಯಾಗುತ್ತಿದೆಯೆಂದು ಲಂಡನ್ನಿನಲ್ಲಿ ಮಂಡಿಸಿದಾಗ, ಹೊರಗಿನವರಿಗೆ ಹವಾಮಾನ ತಿಳಿಯುವುದು ಕಷ್ಟ ಎಂಬ ಧಾಟಿಯಲ್ಲಿ ಆಕ್ಷೇಪಿಸಿದವರಲ್ಲಿ ಈತನೇ ಮುಂದೆ. ಸ್ಕಾಟ್ ವಿಷಯದಲ್ಲಿ ಸಿಂಪ್ಸನ್ನನ ಮಾತು ನಿಜವೆಂದು ತೋರಿಸಿದ ಸಾಲೊಮನ್ನರೂ ಹೊರಗಿನವರೇ, ರಸಾಯನದವರು. ಭೂಮಿ ಬಿಸಿಯಾಗುತ್ತಿರುವುದರಲ್ಲಿ ಸಂದೇಹವಿಲ್ಲ ಎಂದ, ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿಯ 2007ರ ವಿಜ್ಞಾನ ವರದಿಗೆ ಇಬ್ಬರು ಮುಖ್ಯಸ್ಥರು. ಅವರಲ್ಲೊಬ್ಬರು ಇದೇ ಸಾಲೊಮನ್.