ಪದಸಂಪತ್ತಿನ ಸಾಹುಕಾರರು

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಲ್ಲಿ ನಾರ್ಮನ್ ಲೂಯಿಸ್‌ನ ‘ವರ್ಡ್ ಪವರ್ ಮೇಡ್ ಈಸಿ’ಗೆ ಬರವಿಲ್ಲ. ಇಂಗ್ಲಿಷ್ ಪದಸಂಪತ್ತು ಬೆಳೆಸಲೆಂದು ಬರೆದ 1949ರ ಪುಸ್ತಕ. ಯಾವ ಪ್ರತಿ ತೆರೆದರೂ ಮೊದಲ ಅಧ್ಯಾಯದ ತುಂಬ ಕೆಂಪು ಗೆರೆ, ಅಂಚಿನಲ್ಲಿ ಪೆನ್ಸಿಲಿನ ಕನ್ನಡ ಅರ್ಥ, ಓದಿದ ತಾರೀಕು ಬೇರೆ. ಮೂರನೆಯದರಿಂದ ಹಾಳೆಗಳೆಲ್ಲ ಮಡಿಯಲ್ಲಿ ಕೂತಂತೆ. ಒಂದು ಬೆರಳೂ ಸೋಕಿಲ್ಲ!

2017ರಲ್ಲಿ ಶಶಿ ತರೂರ್ ಒಂದು ಟ್ವೀಟಿನಲ್ಲಿ ‘ಫರ್ರಾಗೊ’ ಎಂದದ್ದೇ ತಡ, ಜನ ನಿಘಂಟಿಗೆ ಮುಗಿಬಿದ್ದರು. ಆ ಭಾಗ್ಯ ನಮಗೆಲ್ಲಿ? ಜಿಆರ್‌ಇ ಪರೀಕ್ಷೆಯವರಂತೂ 2011ರಲ್ಲೇ ವಿರುದ್ಧಪದದ ಪ್ರಶ್ನೆಗಳನ್ನು ಕೈಬಿಟ್ಟರು. ಉರು ಹೊಡೆದವರು ಆ ಪದಗಳನ್ನು ಯಾರ ಮೇಲೆ ಪ್ರಯೋಗಿಸಬೇಕು? ಮನೆಯವರ ಮೇಲೆಯೇ. ಮೊಮ್ಮಗ ಸಾರು ಸುರಿದುಕೊಂಡು, ರುಚಿಯಾಗಿದೆ ಎನ್ನಲು ‘ಡಿಲೆಕ್ಟಬಲ್’ ಎಂದರೆ ಅಜ್ಜಿಗೆ ಗಾಬರಿ: “ಉಪ್ಪು ಜಾಸ್ತಿ ಆಯ್ತೇನೋ ಮಗಾ?”