613ನೆಯ ಫಲಾನುಭವಿ

ನಮ್ಮ ರೋಟರಿ ಕ್ಲಬ್ಬಿನ ಅಧ್ಯಕ್ಷರ ಹೆಸರು ಹೇಳುವುದಿಲ್ಲ, ಊರನ್ನೂ ಹೇಳುವುದಿಲ್ಲ. ದಾಂಡೇಲಿಯವರು ಇವರನ್ನು ಹಳಿಯಾಳದವರು ಅಂದುಕೊಳ್ಳಲಿ, ಹಳಿಯಾಳದವರು ಮುಂಡಗೋಡಿನ ಕಡೆ ಬೊಟ್ಟು ಮಾಡಲಿ. ಜೋಯಿಡಾದವರು ಮಾತ್ರ ಸುಮ್ಮನೆ ನಕ್ಕುಬಿಡಲಿ. ಅಧ್ಯಕ್ಷರ ಪ್ರಾಜೆಕ್ಟುಗಳೆಲ್ಲ ಕೊನೆಗೆ ಬಂದು ಬೀಳುವುದು ಅವರ ಮೇಲೆಯೇ.

ರೋಟರಿಯಲ್ಲಿ ಅಧ್ಯಕ್ಷಗಿರಿ ಜುಲೈ 1ಕ್ಕೆ ಶುರುವಾಗಿ ಮರುವರ್ಷದ ಜೂನ್ 30ಕ್ಕೆ ಮುಗಿಯುತ್ತದೆ. ನಮ್ಮವರದು ಮುಗಿದು ಹನ್ನೊಂದು ವರ್ಷವಾಯಿತು. ಆಮೇಲೆ ಬಂದ ಅಧ್ಯಕ್ಷರನ್ನೆಲ್ಲ ಊರು ಅವರವರ ಹೆಸರಿನಿಂದಲೇ ಕರೆಯುತ್ತದೆ. ‘ಅಧ್ಯಕ್ಷರು’ ಅಂದರೆ ಇವರೊಬ್ಬರೇ. ವೃತ್ತಿಯಿಂದ ಪೈಪು, ಸಿಮೆಂಟು, ಪಂಪ್‌ಸೆಟ್ಟಿನ ವ್ಯಾಪಾರಿ. ಅಂಗಿಯ ಮೇಲೆ ಚಕ್ರದ ಬಿಲ್ಲೆ ಇಲ್ಲದೆ ಅವರನ್ನು ನೋಡಿದವರು ಅವರ ಮನೆಯವರು ಮಾತ್ರ. ಅವರಲ್ಲೂ ಹೆಂಡತಿ ಕ್ಲಬ್ಬಿನ ಭಾಷೆಯಲ್ಲಿ ‘ಆ್ಯನ್’, ಮಕ್ಕಳು ‘ಆ್ಯನೆಟ್’. ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ಆ್ಯನ್ ಕೇಳಿದ್ದು ಒಂದು ಜೊತೆ ಪಾಟ್ಲಿ. ಅಧ್ಯಕ್ಷರು ಅವರ ಹೆಸರಿನಲ್ಲಿ ರೋಟರಿ ಫೌಂಡೇಶನ್ನಿಗೆ 1000 ಡಾಲರ್ ಕಟ್ಟಿ ‘ಪಾಲ್ ಹ್ಯಾರಿಸ್ ಫೆಲೋ’ ಮಾಡಿಸಿದರು. ಪಾಟ್ಲಿಯ ಬದಲು ಪ್ರಮಾಣಪತ್ರ ಬಂತು, ಜೊತೆಗೊಂದು ಬಿಲ್ಲೆ. ವೈನಿಯವರು ಅದನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದಾರೆ. ಭಕ್ತಿಯಿಂದಲೋ, ದೇವರೂ ಒಮ್ಮೆ ನೋಡಲಿ ಎಂದೋ, ಕೇಳುವ ಧೈರ್ಯ ನನಗಾಗಿಲ್ಲ.

ಡಾಲರಿನ ಮಾತು ಬಂದರೆ ಅಧ್ಯಕ್ಷರು ಬೇರೆಯೇ ಮನುಷ್ಯ. ಕ್ಲಬ್ಬಿನ ಬಾಕಿ ಕಟ್ಟಲು ರೋಟರಿಯವರು ಪ್ರತಿ ತಿಂಗಳು ತಮ್ಮದೇ ವಿನಿಮಯ ದರ ಗೊತ್ತುಪಡಿಸುತ್ತಾರೆ. ಆ ದರ ಬ್ಯಾಂಕಿನವರಿಗಿಂತ ಮೊದಲು ಇವರ ಬಾಯಲ್ಲಿರುತ್ತದೆ. ಮಿರ್ಚಿ ಭಜಿ ತಿನ್ನುವಾಗಲೂ ‘ಪ್ಲೇಟು ಅರ್ಧಾ ಡಾಲರ್ ಆತು ನೋಡ್ರಿ’ ಎಂದು ನಿಟ್ಟುಸಿರು. ನಾನು ಪಿಂಚಣಿಯ ಮಾಸ್ತರ. ನನ್ನ ಪಿಂಚಣಿಯನ್ನು ಒಂದು ದಿನ ಡಾಲರಿಗೆ ಇಳಿಸಿ ತೋರಿಸಿದರು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಸಮಾಧಾನಕ್ಕೆ ಒಂದು ಕಥೆಯನ್ನೂ ಹೇಳಿದರು: 1917ರಲ್ಲಿ ಆರ್ಚ್ ಕ್ಲಂಫ್ ಎಂಬ ರೋಟರಿ ಅಧ್ಯಕ್ಷ ಲೋಕಕಲ್ಯಾಣಕ್ಕೊಂದು ನಿಧಿ ಬೇಕೆಂದಾಗ ಕ್ಯಾನ್ಸಾಸ್ ಸಿಟಿಯವರು ಕೊಟ್ಟ ಮೊದಲ ಕಾಣಿಕೆ 26 ಡಾಲರ್ 50 ಸೆಂಟು. ‘ನೀವು ಅಷ್ಟ ಕೊಡ್ರಿ ಮಾಸ್ತರ, ಇತಿಹಾಸ ಆಗತೈತಿ’ ಎಂದು ಅಲ್ಲೇ ರಸೀದಿ ಪುಸ್ತಕ ತೆಗೆದರು.

ಅವರ ಭಾಷಣ ಯಾವಾಗಲೂ ಷಿಕಾಗೋದಿಂದ ಹೊರಡುತ್ತದೆ. 1905ರ ಫೆಬ್ರುವರಿ 23, ವಕೀಲ ಪಾಲ್ ಹ್ಯಾರಿಸ್, ಅವನ ಜೊತೆ ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ದರ್ಜಿ. ಒಬ್ಬೊಬ್ಬರ ಆಫೀಸಿನಲ್ಲಿ ಸರದಿಯಂತೆ ಕೂಡುತ್ತಿದ್ದರು, ಹೀಗೆ ತಿರುಗುವುದಕ್ಕೇ ರೋಟರಿ ಎಂಬ ಹೆಸರು. ಇಷ್ಟನ್ನು ನಾನು ನಿದ್ದೆಗಣ್ಣಿನಲ್ಲೂ ಒಪ್ಪಿಸಬಲ್ಲೆ. ಆದರೆ ಆ ಮಹನೀಯರು ಕೈಗೆತ್ತಿಕೊಂಡ ಮೊದಲ ಊರ ಕೆಲಸ ಷಿಕಾಗೋದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸಲು ಓಡಾಡಿದ್ದು ಎಂಬುದನ್ನು ಅಧ್ಯಕ್ಷರು ಒಮ್ಮೆಯೂ ಹೇಳಿದವರಲ್ಲ. ನಾನೇ ಪುಸ್ತಕದಲ್ಲಿ ಹುಡುಕಿ ತೋರಿಸಿದೆ. ‘ಊಟದ ಹೊತ್ತಿನ್ಯಾಗ ಅದನ್ನ ಹೆಂಗ ಹೇಳೂದ್ರಿ?’ ಅಂದರು. ನಮ್ಮ ಸಭೆಗಳೆಲ್ಲ ಊಟದ ಹೊತ್ತಿನವೇ.

ಇನ್ನು ಅಂತರರಾಷ್ಟ್ರೀಯ ಸೇವೆ. ಅದಕ್ಕೆ ಮೊದಲು ನಮ್ಮ ನೀರಿನ ಕಥೆ ಕೇಳಿ. ಕಾಳಿ ನದಿ ಹುಟ್ಟುವುದು ಜೋಯಿಡಾದ ಡಿಗ್ಗಿಯಲ್ಲಿ. ಗಣೇಶಗುಡಿಯ ಹತ್ತಿರ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಅದನ್ನು ತಡೆದು ನಿಲ್ಲಿಸಿದೆ. ಆ ನೀರಿನ ಕರೆಂಟು ಎಲ್ಲೆಲ್ಲಿಗೋ ಹೋಗುತ್ತದೆ. ಬೇಸಿಗೆ ಬಂದರೆ ಅದೇ ಕಾಡಿನ ಎಷ್ಟೋ ಕೇರಿಗಳ ಹೆಣ್ಣುಮಕ್ಕಳು ಸಿಂಬಿ ಹಿಡಿದು ಹಳ್ಳ ಹುಡುಕಿಕೊಂಡು ಹೋಗುತ್ತಾರೆ. ಇದನ್ನು ಕಣ್ಣಾರೆ ಕಂಡಿದ್ದ ನನಗೆ, ಉಗಾಂಡಾದ ಒಂದು ಶಾಲೆಗೆ ನೀರಿನ ಟಾಕಿ ಮತ್ತು ಪುಸ್ತಕ ಕೊಡಲು ನಮ್ಮ ಕ್ಲಬ್ಬು ಪಟ್ಟಿ ಎತ್ತುತ್ತಿದೆ ಎಂದು ತಿಳಿದಾಗ ಮೈ ಉರಿಯಿತು. ಅದೇ ಹೊತ್ತಿಗೆ ನಮ್ಮ ಗೌಳಿವಾಡಗಳಿಗೆ, ಅಂದರೆ ಎಮ್ಮೆ ಸಾಕುವ ಗೌಳಿಗರ ಕೇರಿಗಳಿಗೆ, ಬೋರಿಂಗ್ ಹಾಕಿಸಲು ಜರ್ಮನಿಯ ಒಂದು ಕ್ಲಬ್ಬು ಹಣ ಕಳಿಸುತ್ತಿತ್ತು.

‘ಅಲ್ರಿ ಅಧ್ಯಕ್ಷರ, ಜರ್ಮನಿಯವರು ಸೀದಾ ಉಗಾಂಡಾಕ್ಕ ಕೊಡ್ಲಿ, ನಮ್ಮ ರೊಕ್ಕ ಇಲ್ಲೇ ಇರ್ಲಿ. ನಡುವ ಈ ಸುತ್ತಾಟ ಯಾಕ?’

ಅಧ್ಯಕ್ಷರು ನನ್ನನ್ನು ಎರಡನೆಯ ಇಯತ್ತೆಯ ಹುಡುಗನ ಹಾಗೆ ನೋಡಿದರು. ಫೌಂಡೇಶನ್ನಿನ ಗ್ಲೋಬಲ್ ಗ್ರ್ಯಾಂಟ್ ಸಿಗಬೇಕಾದರೆ ಬೇರೆ ಬೇರೆ ದೇಶದ ಎರಡು ಕ್ಲಬ್ಬು ಕೈಜೋಡಿಸಬೇಕು, ಯೋಜನೆ 30,000 ಡಾಲರಿಗಿಂತ ಕಡಿಮೆ ಇರಬಾರದು, ಆದ್ದರಿಂದ ಹತ್ತಾರು ಹಳ್ಳಿ ಒಟ್ಟುಗೂಡಿಸಬೇಕು. ನಾವು ವರ್ಷಾವರ್ಷ ಕಟ್ಟಿದ ವಂತಿಗೆ ಮೂರು ವರ್ಷ ಫೌಂಡೇಶನ್ನಿನಲ್ಲಿ ಬೆಳೆದು ಹೆಚ್ಚುಕಮ್ಮಿ ಅರ್ಧ ನಮ್ಮ ರೋಟರಿ ಜಿಲ್ಲೆಯ ಪಾಲಿಗೆ ಮರಳುತ್ತದೆ, ಉಳಿದ ಅರ್ಧ ಲೋಕಕ್ಕೆ. ಇಷ್ಟು ಹೇಳಿದರೂ ನನ್ನ ಮುಖ ಬಿಚ್ಚಲಿಲ್ಲ. ಕೊನೆಗೆ ಅಂದರು: ‘ಮದವ್ಯಾಗ ಆಯೇರಿ ಮಾಡೂದಿಲ್ಲೇನ್ರಿ? ಅವರು ನಮಗ ಖಣ ಏರಸ್ತಾರ, ನಾವು ಮತ್ತೊಬ್ಬರಿಗೆ ಏರಸ್ತೀವಿ. ಅದ ಖಣ ಊರೆಲ್ಲಾ ತಿರಗತೈತಿ. ಇಸಗೊಳ್ಳಾಕಷ್ಟ ಕೈ ಚಾಚಿದ್ರ ಮಂದಿ ಏನಂತಾರ?’ ಇಂಥ ಮನುಷ್ಯನ ಜೊತೆ ಸಿಟ್ಟು ಮಾಡಿಕೊಂಡು ಕೂತಿರುವುದು ಬಹಳ ಕಷ್ಟ.

ಆದರೂ ಆ ಜರ್ಮನ್ ಹಣದ ಬೋರಿಂಗಿನ ಏಪ್ರಿಲ್ ತಿಂಗಳ ಉದ್ಘಾಟನೆಯನ್ನು ನಾನು ಮರೆಯಲಾರೆ. ಜೋಯಿಡಾ ಕಡೆಯ ಒಂದು ಗೌಳಿವಾಡ, ಮೂವತ್ತನಾಲ್ಕು ಮನೆ. ಬೋರಿಂಗ್ ಹಿಂದಿನ ದಿನವೇ ಕೂತಿತ್ತು. ಜೀಪಿನಿಂದ ಇಳಿದು ಬ್ಯಾನರ್ ಬಿಚ್ಚಿದರೆ ‘ಶುದ್ಧ ಕುಡಿಯುವವರ ಯೋಜನೆ’ ಎಂದಿತ್ತು. ‘ನೀರು’ ಎಂಬುದು ಎಲ್ಲಿ, ಹೇಗೆ ಆವಿಯಾಯಿತೋ! ಪ್ರೂಫ್ ನೋಡಿ ‘ಸರಿ ಇದೆ’ ಎಂದು ಸಹಿ ಹಾಕಿದವನು ಕನ್ನಡದ ಮಾಸ್ತರನಾದ ನಾನೇ. ಜೀಪು ಹೊಸ ಬ್ಯಾನರಿಗಾಗಿ ಹಳಿಯಾಳಕ್ಕೆ ಓಡಿತು. ಅದು ಹೋಗಿ, ಅಚ್ಚಾಗಿ, ಮರಳುವವರೆಗೆ ಬೋರಿಂಗ್ ಯಾರೂ ಮುಟ್ಟಬಾರದೆಂದು ಅಧ್ಯಕ್ಷರು ಅದರ ಹಿಡಿಕೆಗೆ ಕೆಂಪು ರಿಬ್ಬನ್ ಕಟ್ಟಿಸಿದರು.

ನೀರು ಹೊತ್ತು ಬೆನ್ನು ಬಾಗಿದವರ ಮುಂದೆ ರಿಬ್ಬನ್ನಿನದೇನು ನಡೆಯುತ್ತದೆ? ನಾವು ಹಲಸಿನ ಮರದಡಿ ತೂಕಡಿಸುವಷ್ಟರಲ್ಲಿ ರಿಬ್ಬನ್ ಒಂದು ಎಮ್ಮೆಯ ಕೋಡಿಗೆ ಹೋಗಿತ್ತು, ಕೊಡಗಳೆಲ್ಲ ತುಂಬಿ ಮನೆ ಸೇರಿದ್ದವು. ಬ್ಯಾನರ್ ಬಂತು, ಫೋಟೋದವನು ಸಜ್ಜಾದ. ಅಧ್ಯಕ್ಷರು ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಕೊಡ ಸಮೇತ ಕರೆತಂದು ಕೈಮುಗಿದರು: ‘ಅವ್ವಾರ, ಒಮ್ಮೆ ಚೆಲ್ಲಿಬಿಡ್ರಿ. ನೀರು ಬೀಳೂದು ಫೋಟೋದಾಗ ಕಾಣಬೇಕು.’

ಯಾರೂ ಅಲುಗಲಿಲ್ಲ. ಒಬ್ಬ ಮುದುಕಿ ಕೊಡ ಕೆಳಗಿಟ್ಟು, ಅದರ ಕೊರಳಿಗೆ ಮೊಮ್ಮಗನನ್ನು ತಬ್ಬಿದ ಹಾಗೆ ಕೈ ಹಾಕಿ, ಅಲ್ಲೇ ಕೂತುಬಿಟ್ಟಳು. ತನ್ನ ಮರಾಠಿಯಲ್ಲಿ ಏನೋ ಅಂದು, ನಮಗೆ ತಿಳಿಯಲೆಂದು ಕನ್ನಡದಲ್ಲೂ ಅಂದಳು: ‘ತುಂಬಿದ ಕೊಡ ಚೆಲ್ಲೂದಿಲ್ಲ ಸಾಹೇಬ.’

ಫೋಟೋ ಬಂದದ್ದು ಹೀಗೆ: ಅಧ್ಯಕ್ಷರು ಬೋರಿಂಗ್ ಹೊಡೆಯುತ್ತಿದ್ದಾರೆ, ಕೆಳಗೆ ಡ್ರೈವರನ ರೇಡಿಯೇಟರ್ ಕ್ಯಾನು ಹಿಡಿದು ಬಗ್ಗಿದವನು ನಾನು. ಜರ್ಮನಿಯವರು ತಮ್ಮ ಕ್ಲಬ್ಬಿನ ಪತ್ರಿಕೆಯಲ್ಲಿ ಅದನ್ನು ಹಾಕಿದರು. ಅಡಿಬರಹವನ್ನು ಒಬ್ಬರಿಂದ ಓದಿಸಿ ನೋಡಿದೆ. ನೀರು ಕಂಡು ಸಂತೋಷಗೊಂಡ ಗ್ರಾಮಸ್ಥ ಎಂದಿತ್ತಂತೆ.

ವರದಿ ಬರೆಯುವ ಕೆಲಸ ಯಾವತ್ತೂ ನನ್ನದೇ. ‘ಫಲಾನುಭವಿಗಳ ಸಂಖ್ಯೆ’ ಎಂಬ ಕಲಂ ಬಂದಾಗ ಮನೆಗೆ ಐವರಂತೆ 170 ಎಂದು ಬರೆದೆ. ಅಧ್ಯಕ್ಷರಿಗೆ ಅದು ಬಡವಾಗಿ ಕಂಡಿತು. ‘ಎಮ್ಮಿ ನೀರು ಕುಡಿಯೂದಿಲ್ಲೇನ್ರಿ?’ ಮನೆಗೆ ಹನ್ನೆರಡರಂತೆ 408 ಎಮ್ಮೆ ಸೇರಿದವು. ಮನೆಗೊಂದು ನಾಯಿ, 34. ಒಟ್ಟು 612. ನಾನು ತಲೆ ಎತ್ತಿ ಗೋಡೆ ನೋಡಿದೆ. 1932ರಲ್ಲಿ ಹರ್ಬರ್ಟ್ ಟೇಲರ್ ಬರೆದ, ರೋಟರಿಯವರು ಪಾಲಿಸಬೇಕಾದ ನಾಲ್ಕು ಪ್ರಶ್ನೆಗಳ ಫಲಕ ಅಲ್ಲಿ ತೂಗುತ್ತಿತ್ತು. ಮೊದಲನೆಯ ಪ್ರಶ್ನೆಯೇ ಸತ್ಯದ್ದು. ಅಧ್ಯಕ್ಷರೂ ಅದನ್ನೇ ನೋಡಿದರು. ‘ಸುಳ್ಳೇನೈತ್ರಿ? ಮನಷ್ಯಾರು ಅಂತ ಕಲಮಿನ್ಯಾಗ ಎಲ್ಲಿ ಬರದಾರ? ಕ್ಯಾನ್ ಹಿಡಿದಿದ್ರಿ, ನಿಮ್ಮನ್ನೂ ಸೇರಿಸ್ರಿ.’ 613 ಆಯಿತು. ತಿಂಗಳೊಪ್ಪತ್ತಿನಲ್ಲಿ ಜರ್ಮನಿಯಿಂದ ಪತ್ರ: ಅಷ್ಟು ಜನಕ್ಕೆ ಒಂದೇ ಬೋರಿಂಗ್ ಸಾಲದಲ್ಲ, ಇನ್ನಷ್ಟು ಹಣ ಕಳಿಸಲೇ? ಗೌಳಿವಾಡದ ಎಮ್ಮೆಗಳಿಗೆ ಈಗ ಸಿಮೆಂಟಿನ ತೊಟ್ಟಿಯಿದೆ.

ಸಾಕ್ಷರತೆಯ ಪ್ರಾಜೆಕ್ಟಿನಲ್ಲೂ ನನ್ನದೇ ಕೊರಳು. ಪರದೇಶದಿಂದ ಬಂದ ಒಂದು ರಟ್ಟಿನ ಪೆಟ್ಟಿಗೆ ಕಥೆಪುಸ್ತಕಗಳನ್ನು ಸಿದ್ದಿ, ಕುಣಬಿ ಮಕ್ಕಳ ಶಾಲೆಗೆ ಒಯ್ದು ಓದಿ ಹೇಳಬೇಕಾಯಿತು. ಎಲ್ಲದರಲ್ಲೂ ಹಿಮದ ಗೊಂಬೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷು, ಅದರ ಮೇಲೆ ಈ ಹಿಮ! ನಮ್ಮ ಸೀಮೆಯಲ್ಲಿ ಹಿಮ ಕಂಡವರೆಂದರೆ 1966ರಲ್ಲಿ ಮುಂಡಗೋಡಿನ ಕ್ಯಾಂಪಿಗೆ ಬಂದ ಹಳೆಯ ತಲೆಯ ಟಿಬೆಟನ್ನರು. ಅಧ್ಯಕ್ಷರು ಮರುವಾರವೇ ಒಬ್ಬ ಅಜ್ಜನನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದರು. ಅಜ್ಜ ಕೈಯಲ್ಲೇ ಗುಡ್ಡ ಬರೆದು, ಹಿಮ ಬೀಳಿಸಿ, ಚಳಿಗೆ ನಡುಗಿ ತೋರಿಸಿದ. ಮಕ್ಕಳು ಬಿದ್ದು ಬಿದ್ದು ನಕ್ಕವು. ಅದೊಂದು ಕಾರ್ಯಕ್ರಮಕ್ಕೆ ಬ್ಯಾನರ್ ಇರಲಿಲ್ಲ, ಫೋಟೋ ಇಲ್ಲ, ಆದ್ದರಿಂದ ಯಾವ ವರದಿಯಲ್ಲೂ ಇಲ್ಲ.

ಪೈಪಿನ ವ್ಯಾಪಾರಿಗೆ ನೀರಿನ ಸೇವೆ ಎಂದಾಗ ನನ್ನ ತಲೆಯಲ್ಲಿ ಹುಳ ಬಿಡದಿರುತ್ತದೆಯೇ? ಬೋರಿಂಗಿನ ಲೆಕ್ಕ ತೆಗೆಸಿ ನೋಡಿದೆ. ಪೈಪು ಅವರ ಅಂಗಡಿಯದೇ; ಬಿಲ್ಲಿನಲ್ಲಿ ಅದರ ಮುಂದೆ ಸೊನ್ನೆ. ಪೋಲಿಯೊ ಲಸಿಕೆಯ ಭಾನುವಾರಗಳಲ್ಲಿ ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಜೋಯಿಡಾದ ಕಾಡುಕೇರಿಗಳನ್ನು ಸುತ್ತಿದವರು ಇವರು. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿ 13ರಂದು ಹೌರಾದಲ್ಲಿ ಕಂಡದ್ದನ್ನು ಮಗನ ಹುಟ್ಟಿದ ದಿನದ ಹಾಗೆ ನೆನಪಿಟ್ಟಿದ್ದಾರೆ. ಅವರ ಅಜ್ಜನ ಮನೆ ಹಳೆಯ ಸೂಪಾದಲ್ಲಿತ್ತು. ಈಗ ಜಲಾಶಯದಡಿ ಇದೆ. ವೇದಿಕೆಯ ಮೇಲೆ ತಮ್ಮ ಬಗ್ಗೆ ಹೇಳಬೇಕಾದ್ದು, ಹೇಳಬಾರದ್ದು ಎಲ್ಲ ಹೇಳುವ ಮನುಷ್ಯ ಇದೊಂದನ್ನು ಹೇಳಿದ್ದು ನಾನು ಕೇಳಿಲ್ಲ.

ಮೊದಲು ಸಭೆಗೆ ಮೂವತ್ತೆರಡು ಕುರ್ಚಿ ಹಾಕುತ್ತಿದ್ದರು. ಹುಡುಗರು ಪುಣೆ, ಬೆಂಗಳೂರು ಸೇರಿದರು. ಹಳಬರು ಕೆಲವರು ಹೋದರು, ಕೆಲವರ ಮೊಣಕಾಲು ಹೋಯಿತು. ಕಳೆದ ಗುರುವಾರ ನಾವು ಏಳು ಜನ. ಆದರೂ ಸರಿಯಾಗಿ ಏಳೂವರೆಗೆ ಅಧ್ಯಕ್ಷರು ಗಂಟೆ ಬಾರಿಸಿದರು, ಕಾಲರ್ ಸರಿಪಡಿಸಿಕೊಂಡರು, ಷಿಕಾಗೋದಿಂದ ಹೊರಟರು. ಉಗಾಂಡಾದ ಟಾಕಿಗೆ ಇನ್ನೂ ನೂರಾ ಎಂಬತ್ತು ಡಾಲರ್ ಕೂಡಬೇಕಂತೆ. ನಾನು ನನ್ನ 26 ಡಾಲರ್ 50 ಸೆಂಟು ಕೊಟ್ಟೆ. ರೂಪಾಯಿಯಲ್ಲಿ ಎಷ್ಟಾಯಿತು ಎಂದು ಮನೆಯಲ್ಲಿ ಹೇಳಿಲ್ಲ.

ಈ ಗುರುವಾರವೂ ಸಭೆ ಇದೆ, ಸಂಜೆ ಏಳೂವರೆಗೆ. ದಾಂಡೇಲಿ, ಹಳಿಯಾಳದ ಕಡೆ ಯಾರಾದರೂ ಇದ್ದರೆ ಬನ್ನಿ. ಬಿಲ್ಲೆಯ ಚಿಂತೆ ಬೇಡ, ಅಧ್ಯಕ್ಷರ ಜೇಬಿನಲ್ಲಿ ಯಾವಾಗಲೂ ಎರಡು ಹೆಚ್ಚಿಗೆ ಇರುತ್ತವೆ.