ಗೋಷ್ಠೀಮೀಮಾಂಸೆಯ ಚೀಲಪ್ರಕರಣ

ಕೃಷ್ಣೆ ತುಂಗಭದ್ರೆಯರ ನಡುವಣ ದೋಆಬಿನಲ್ಲಿ, 1520ರಲ್ಲಿ ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲಶಾಹನೂ ಒಂದು ಕೋಟೆಗಾಗಿ ಸೆಣಸಿದ ಆ ನೆಲದಲ್ಲಿಯೇ, ಇಂದು ವಿದ್ವಜ್ಜನರು ವೇದಿಕೆಯ ನಡುಗುರ್ಚಿಗಾಗಿ ಸೆಣಸುವ ಕ್ರಿಯೆಗೆ ಜೀವವೈದ್ಯಕೀಯ ತಂತ್ರಶಾಸ್ತ್ರ ಮತ್ತು ಡಿಜಿಟಲ್ ಆರೋಗ್ಯ ಕುರಿತ ವಿಶ್ವವಿದ್ಯಾಲಯ ಸಂಶೋಧನಾ ಗೋಷ್ಠಿಯೆಂದು ವ್ಯವಹಾರ. ಈ ಗೋಷ್ಠಿಯೆಂಬ ಪದಾರ್ಥದ ಸ್ವರೂಪವೇನು, ಫಲವೇನು, ಅದಕ್ಕೆ ಅಧಿಕಾರಿ ಯಾರು ಎಂಬ ವಿಚಾರವನ್ನು ಪೂರ್ವಾಚಾರ್ಯರಾರೂ ಎತ್ತಿಕೊಂಡಂತೆ ಕಾಣದಿರುವುದರಿಂದಲೂ, ಎತ್ತಿಕೊಂಡಿದ್ದರೆ ಪ್ರಯಾಣಭತ್ಯೆಯ ಪ್ರಕರಣವನ್ನು ಅವರು ಖಂಡಿತ ಬಿಡುತ್ತಿರಲಿಲ್ಲವೆಂಬ ನಂಬಿಕೆಯಿಂದಲೂ, ಈ ಲಘುಗ್ರಂಥಕ್ಕೆ ಕೈಯಿಕ್ಕಿದ್ದೇನೆ.

ಶಾಸ್ತ್ರವೆಂದಮೇಲೆ ಅನುಬಂಧಚತುಷ್ಟಯವಿರಬೇಕಷ್ಟೆ. ಇಲ್ಲಿ ವಿಷಯವು ರೋಗಿಯ ದೇಹ; ಆ ದೇಹ ಸಭೆಯಲ್ಲಿ ಸನ್ನಿಹಿತವಾಗಿರಬೇಕೆಂಬ ನಿರ್ಬಂಧವಿಲ್ಲ. ಅಧಿಕಾರಿಯು ನೋಂದಣಿಶುಲ್ಕವನ್ನು ಕಟ್ಟಿ ಕೊರಳಿಗೆ ಗುರುತಿನ ಚೀಟಿಯನ್ನು ಧರಿಸಿದವನು. ಸಂಬಂಧವನ್ನು ಆಮೇಲೆ ಹುಡುಕಿಕೊಳ್ಳಬಹುದು. ಪ್ರಯೋಜನವಾದರೋ ಪ್ರಮಾಣಪತ್ರ, ‘ಪ್ರಮಾಣಪತ್ರಕಾಮೋ ಗೋಷ್ಠೀಂ ಗಚ್ಛೇತ್’ ಎಂಬುದೇ ಇಲ್ಲಿ ವಿಧಿವಾಕ್ಯ. ಯಾಗಕ್ಕೂ ಸ್ವರ್ಗಕ್ಕೂ ನಡುವೆ ‘ಅಪೂರ್ವ’ವೆಂಬ ಅದೃಶ್ಯಶಕ್ತಿಯನ್ನು ಮೀಮಾಂಸಕರು ಕಲ್ಪಿಸಿದಂತೆ, ಬೆಳಗಿನ ಉದ್ಘಾಟನೆಗೂ ಸಂಜೆಯ ಪ್ರಮಾಣಪತ್ರಕ್ಕೂ ನಡುವೆ ಊಟವನ್ನು ಕಲ್ಪಿಸಲಾಗಿದೆ. ಊಟವಾದೊಡನೆ ಅಂತರ್ಧಾನರಾದವರಿಗೆ ಫಲವುಂಟೋ ಇಲ್ಲವೋ ಎಂಬಲ್ಲಿ ಬಹಳ ವಿವಾದವಿದೆ. ಸ್ನೇಹಿತನೊಬ್ಬನು ಕೊನೆಯವರೆಗೆ ಕುಳಿತಿದ್ದು ಇಬ್ಬರದನ್ನೂ ಇಸಿದುಕೊಂಡು ಬರುವನಾದರೆ ಉಂಟೆಂದೇ ನಮ್ಮ ಮತ.

ಗೋಷ್ಠಿಯ ಮಹಾದ್ವಾರದಲ್ಲಿ ಹಣೆಗೆ ಗುರಿಯಿಟ್ಟು ಜ್ವರವನ್ನಳೆಯುವ ಪಿಸ್ತೂಲಿನಾಕಾರದ ಉಪಕರಣವನ್ನು ಹಿಡಿದು ಇಬ್ಬರು ವಿದ್ಯಾರ್ಥಿಗಳು ನಿಂತಿರುತ್ತಾರೆ. ಚರ್ಮವು ಸೂಸುವ ಅವಕೆಂಪು ಕಿರಣಗಳನ್ನು ಅಳೆಯುವುದಷ್ಟೇ ಅದರ ಧರ್ಮವಾದುದರಿಂದಲೂ, ರಾಯಚೂರಿನ ವೈಶಾಖದ ಬಿಸಿಲು 40 ಡಿಗ್ರಿಯನ್ನು ಲೀಲಾಜಾಲವಾಗಿ ದಾಟುವುದರಿಂದಲೂ, ಮಾನ್ವಿಯ ಬಸ್ಸಿಳಿದು ನಡೆದುಬಂದ ಪ್ರತಿನಿಧಿಗಳೆಲ್ಲರೂ ಜ್ವರಪೀಡಿತರೆಂದು ನಿರ್ಣಯವಾಗುತ್ತದೆ. ಅವರನ್ನು ಕೊಂಚ ಹೊತ್ತು ಫ್ಯಾನಿನಡಿ ಕುಳ್ಳಿರಿಸಿ, ಒಂದೊಂದು ಲೋಟ ಮಜ್ಜಿಗೆಯನ್ನಿತ್ತು ಮತ್ತೆ ಅಳೆದಾಗ ಜ್ವರ ಇಳಿದಿರುತ್ತದೆ. ಮಜ್ಜಿಗೆಯ ಜ್ವರಘ್ನಗುಣವನ್ನು ಕುರಿತ ಪ್ರಬಂಧವೊಂದು ಅದೇ ಮಧ್ಯಾಹ್ನದೊಳಗೆ ಸಿದ್ಧವಾಗುವುದೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಪೂರ್ವಪಕ್ಷ. ಡಿಜಿಟಲ್ ಆರೋಗ್ಯದ ಮೂಲ ಪಶ್ಚಿಮದಲ್ಲಿದೆಯೆಂದು ಕೆಲವರ ವಾದ. ಪ್ಯಾರಿಸ್ಸಿನ ಲೆನೆಕ್ ಎಂಬ ವೈದ್ಯನು ಯುವತಿಯೊಬ್ಬಳ ಎದೆಗೆ ಕಿವಿಯಾನಿಸಲು ಸಂಕೋಚಪಟ್ಟು ಕಾಗದವನ್ನು ಸುರುಳಿ ಸುತ್ತಿ ಆಲಿಸಿದುದು 1816ರಲ್ಲಿ. ಹಾಲೆಂಡಿನ ಐಂಥೋವನ್ ಮಹಾಶಯನ ಹೃದಯಲೇಖನಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು. ಅದನ್ನು ನಡೆಸಲು ಐದು ಜನ ಬೇಕಾಗಿತ್ತು. ರೋಗಿಯು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕಾಗಿತ್ತು. ಅಷ್ಟು ಭಾರವಾದ ಯಂತ್ರವನ್ನು ಆಸ್ಪತ್ರೆಗೆ ಒಯ್ಯುವ ಬದಲು, 1905ರಲ್ಲಿ ಆತನು ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯಸ್ಪಂದನವನ್ನು ಟೆಲಿಫೋನಿನ ತಂತಿಯ ಮೂಲಕ ತನ್ನ ಪ್ರಯೋಗಶಾಲೆಗೆ ತರಿಸಿಕೊಂಡನು. ಇದನ್ನು ದೂರವೈದ್ಯದ ಆದಿಯೆಂದು ಗೋಷ್ಠಿಗಳಲ್ಲಿ ವರ್ಣಿಸುವ ರೂಢಿಯಿದೆ.

ಈ ಪೂರ್ವಪಕ್ಷ ನಿಲ್ಲುವುದಿಲ್ಲ. ಮಾನ್ವಿಯ ಸೀಮೆಯ ಶ್ರೀನಿವಾಸಾಚಾರ್ಯರು, ಮಹಾಪಂಡಿತರು, ಚೀಕಲಪರವಿಯ ವಿಜಯದಾಸರು ಕರೆದ ಊಟಕ್ಕೆ ಹೊಟ್ಟೆನೋವಿನ ನೆವವೊಡ್ಡಿ ತಪ್ಪಿಸಿಕೊಂಡರೆಂದೂ, ಒಡನೆಯೇ ಆ ನೋವು ನಿಜವಾಗಿ ಬಂದು ಪ್ರಾಣಾಂತಿಕವಾಯಿತೆಂದೂ, ಕಡೆಗೆ ವಿಜಯದಾಸರ ಶಿಷ್ಯರಾದ ಗೋಪಾಲದಾಸರು ಜೋಳದ ರೊಟ್ಟಿಯನ್ನಿತ್ತು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರೆಂದೂ ಪ್ರತೀತಿಯಿದೆ. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ನೆವ ಹೇಳಿದ ಪಂಡಿತರೇ ಮುಂದೆ ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು. ಅವರು 1728ರಿಂದ 1809ರವರೆಗೆ ಬದುಕಿದ್ದರೆಂಬುದರಿಂದ, ವರ್ಗಾವಣೆಗೊಂಡ ವರ್ಷಗಳು ಒಂದೂ ಸೋರಿಹೋಗದೆ ತಲುಪಿದವೆಂದು ಅನುಮಾನಪ್ರಮಾಣದಿಂದ ಸಿದ್ಧವಾಗುತ್ತದೆ. ಅಂತರತಾಲ್ಲೂಕು ದತ್ತಾಂಶ ವಿನಿಮಯಕ್ಕೆ ಇದಕ್ಕಿಂತ ಪ್ರಾಚೀನವಾದ ನಿದರ್ಶನವನ್ನು ಪೂರ್ವಪಕ್ಷಿಯು ತೋರಿಸಲಿ. ಲೆನೆಕ್ ತನ್ನ ಕಾಗದವನ್ನು ಸುತ್ತಿದುದು ದಾಸರು ಕಾಲವಾದ ಏಳು ವರ್ಷಗಳ ಮೇಲೆ. ಸುಳ್ಳು ರೋಗವು ನಿಜವಾಗುವ ಈ ಪ್ರಕ್ರಿಯೆಯನ್ನು ಇಂದಿನ ಅಲ್ಗಾರಿದಮ್ಮುಗಳೂ ನಿರ್ವಹಿಸಬಲ್ಲವೆಂದು ಒಬ್ಬ ಪ್ರತಿನಿಧಿ ನನ್ನ ಕಿವಿಯಲ್ಲಿ ಉಸುರಿದನಾದರೂ, ಆತನ ಹೆಸರು ಕಾರ್ಯಕ್ರಮಪಟ್ಟಿಯಲ್ಲಿ ಇರಲಿಲ್ಲವಾದುದರಿಂದ ಅದನ್ನು ಪರಿಗಣಿಸಿಲ್ಲ.

ಈಗ ಚೀಲ. ಗೋಷ್ಠಿಯ ಅಂಗವಾಗಿ ಪಡಸಾಲೆಯಲ್ಲಿ ಏರ್ಪಟ್ಟಿದ್ದ ಉಚಿತ ತಪಾಸಣೆಯ ಮೇಜಿಗೆ ದೇವದುರ್ಗದ ಕಡೆಯ ಮುದುಕಿಯೊಬ್ಬಳು, ಸುಮಾರು 50 ಕಿಲೋಮೀಟರು ಬಸ್ಸಿನಲ್ಲಿ ಬಂದವಳು, ಹೇಗೋ ತಲುಪಿದಳು. ವಿಷಯವೇ ಸಭೆಗೆ ಪ್ರವೇಶಿಸಿದ ಈ ಅಪೂರ್ವ ಸಂದರ್ಭದಲ್ಲಿ ಸಂಶೋಧಕನು ಮೊದಲಿಗೆ, “ಅವ್ವಾ, ನಿನ್ನ ಆಭಾ ನಂಬರು?” ಎಂದು ಡಿಜಿಟಲ್ ಆರೋಗ್ಯಖಾತೆಯ 14 ಅಂಕಿಗಳನ್ನು ಬೇಡಿದನು. ಅದು ಮಗನ ಮೊಬೈಲಿನಲ್ಲಿತ್ತು. ಮಗ ಬೆಂಗಳೂರಿನಲ್ಲಿ ಗೌಂಡಿ ಕೆಲಸದಲ್ಲಿದ್ದನು. ಓಟಿಪಿ ಅಲ್ಲಿಗೆ ಹೋಯಿತು; ಆತನು ಮೂರನೆಯ ಅಂತಸ್ತಿನಿಂದ ಇಳಿದು ಅಂಗಿಯ ಕಿಸೆಗೆ ಕೈಹಾಕುವಷ್ಟರಲ್ಲಿ ಅದರ ಆಯುಷ್ಯ ಮುಗಿಯಿತು. ಓಟಿಪಿಗೆ ಆಯುರ್ದಾನ ಮಾಡಬಲ್ಲ ಗೋಪಾಲದಾಸರು ಸ್ಥಳದಲ್ಲಿರಲಿಲ್ಲ. “ಅದೆಲ್ಲ ಇರ್ಲಿ ಬಿಡಪ್ಪಾ, ಚೀಲ ನೋಡು” ಎಂದು ಮುದುಕಿ ಬಟ್ಟೆಯಂಗಡಿಯ ಪ್ಲಾಸ್ಟಿಕ್ ಚೀಲವೊಂದನ್ನು ಮೇಜಿನ ಮೇಲೆ ಬಿಚ್ಚಿದಳು. ಎಕ್ಸ್‌ರೇ, ಸ್ಕ್ಯಾನಿನ ಹಾಳೆ, ಮಡಿಕೆ ಹರಿಯಲಾರಂಭಿಸಿದ ಮೂರು ದವಾಖಾನೆಗಳ ಚೀಟಿಗಳು, ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿಗಳು, ರೇಷನ್ ಕಾರ್ಡು, ಕಟ್ಟಕಡೆಗೆ ಬಟ್ಟೆಯಲ್ಲಿ ಸುತ್ತಿದ ಎರಡು ಜೋಳದ ರೊಟ್ಟಿ.

ಇದೇ ವೇಳೆಗೆ, 1720 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರ ಅನತಿದೂರದ ಶಕ್ತಿನಗರದಲ್ಲಿ ಹೊಗೆಯುಗುಳುತ್ತಿದ್ದರೂ, ಭವನದ ವಿದ್ಯುತ್ತು ಹೋಯಿತು. ಒಳಗೆ ಮುಖ್ಯ ಉಪನ್ಯಾಸವು ಹದಿನೇಳನೆಯ ಚಿತ್ರದಲ್ಲಿ ಕತ್ತಲಾಯಿತು. ಹೊರಗೆ ಮುದುಕಿಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮುದಿವೈದ್ಯರೊಬ್ಬರು ರೋಗವನ್ನು ನಿರ್ಣಯಿಸಿ, ಗುಳಿಗೆ ಬದಲಿಸಿ ಬರೆದುಕೊಟ್ಟರು. ಆದುದರಿಂದ ಚೀಲವು ರೋಗಿಯ ಸ್ವಾಧೀನದಲ್ಲಿದೆ, ಸರಕಾರಿ ಖಾಸಗಿಯೆಂಬ ಭೇದವಿಲ್ಲದೆ ಎಲ್ಲ ದವಾಖಾನೆಗಳಲ್ಲಿಯೂ ತೆರೆದುಕೊಳ್ಳುತ್ತದೆ, ಗುಪ್ತಪದವನ್ನು ಅಪೇಕ್ಷಿಸುವುದಿಲ್ಲ, ಹಸಿವಾದರೆ ರೊಟ್ಟಿಯನ್ನೂ ಕೊಡುತ್ತದೆ ಎಂದು ಸಿದ್ಧಾಂತವಾಯಿತು.

ಚೀಲದ ಹಿಡಿಕೆಯು ಬಸ್‌ಸ್ಟ್ಯಾಂಡಿನ ನೂಕುನುಗ್ಗಲಿನಲ್ಲಿ ಕಿತ್ತುಹೋಗುವ ದೋಷವೊಂದು ಉಳಿದಿದೆ. ಇದರ ಪರಿಹಾರಾರ್ಥವಾಗಿ ಮೂರು ವರ್ಷಗಳ ಯೋಜನೆಯೊಂದನ್ನು ಸಿದ್ಧಪಡಿಸಿ ಅನುದಾನಕ್ಕೆ ಕಳುಹಿಸತಕ್ಕುದೆಂದು ಸಮಾರೋಪದಲ್ಲಿ ನಿರ್ಣಯವಾಗಿದ್ದು, ಪ್ರಧಾನ ಸಂಶೋಧಕರು ಯಾರಾಗಬೇಕೆಂಬ ಬಗ್ಗೆ ಎರಡು ವಿಭಾಗಗಳ ನಡುವೆ ಪತ್ರವ್ಯವಹಾರ ನಡೆದಿದೆ. ಮುದುಕಿಯು ಸದ್ಯಕ್ಕೆ ಸುತಳಿದಾರದಿಂದ ಕಟ್ಟಿಕೊಂಡಿದ್ದಾಳೆ.